ಕಿವಿ ಮೇಷ್ಟ್ರ ತಂಗಿ

ಆ ಬೀದಿಯಲ್ಲಿ ಎಲ್ಲರೂ ಅವರನ್ನು ಕಿವಿ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಔಷಧದ ಅಂಗಡಿಯ ಮೇಲಿನ ಮಹಡಿಯಲ್ಲಿ ಕಿವಿ ಪರೀಕ್ಷೆ ಮಾಡಿ, ಕೇಳದವರಿಗೆ ಮಿಷನ್ ಕೂರಿಸಿಕೊಡುವುದು ಅವರ ಕಸುಬು. ಆದರೆ ಮಿಷನ್ ಕೇಳಿಕೊಂಡು ಬಂದ ಯಾರನ್ನೂ ಪಾಠ ಹೇಳದೆ ಬಿಟ್ಟವರಲ್ಲ. ಮೇಜಿನ ಮೇಲಿದ್ದ ಪ್ಲಾಸ್ಟಿಕ್ಕಿನ ದೊಡ್ಡ ಕಿವಿಯ ತಮಟೆ, ಪುಟ್ಟ ಮೂಳೆಗಳು, ಒಳಗಿನ ಸುರುಳಿ ಎಲ್ಲವನ್ನೂ ಬಿಚ್ಚಿ ತೋರಿಸಿ, "ಶಬ್ದ ಅಂದ್ರೆ ಏನು? ಗಾಳಿ ಅಲುಗಾಡೋದು, ಅಷ್ಟೇ. ಅಲುಗಾಡಿದ್ರೆ ಅಳೀಬಹುದು. ಅಳೆಯೋಕೆ ಬರದೇ ಇದ್ದದ್ದು ಶಬ್ದಾನೇ ಅಲ್ಲ" ಎನ್ನುವವರೆಗೆ ಅವರಿಗೆ ಸಮಾಧಾನವಿಲ್ಲ. ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಜನಕ್ಕೆ ಸರಿಯಾಗಿ ಕಿವಿಯೇ ಕೇಳುತ್ತಿರಲಿಲ್ಲವಾದ್ದರಿಂದ ಯಾರೂ ಎದುರಾಡುತ್ತಿರಲಿಲ್ಲ.

ಮೇಷ್ಟ್ರ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವರ ತಂಗಿ ಕೆಲಸ ಮಾಡುತ್ತಿದ್ದಳು. ಚಿಕ್ಕಂದಿನಲ್ಲಿ ಗುಂಡಗಿದ್ದು, ಒಂದು ಕಡೆ ಇಟ್ಟರೆ ಇನ್ನೊಂದು ಕಡೆ ಉರುಳಿಹೋಗುತ್ತಿದ್ದಳೆಂದು ಮನೆಯಲ್ಲಿ ಅವಳನ್ನು ಬಟಾಣಿ ಎನ್ನುತ್ತಿದ್ದರು. ಈಗ ಇಪ್ಪತ್ತೈದು ದಾಟಿದ್ದರೂ ಬಟಾಣಿಯೇ. ಅಪ್ಪ ಅಮ್ಮ ಬೇಗ ಹೋದರು. ಅವಳಿಗೆ ಜಡೆ ಹಾಕುವುದರಿಂದ ಹಿಡಿದು ಸೈಕಲ್ ಕಲಿಸುವವರೆಗೆ ಎಲ್ಲ ಅಣ್ಣನದೇ. ಹಾಕಿದ ಜಡೆ ಎಂದೂ ನೆಟ್ಟಗಿರಲಿಲ್ಲ ಎನ್ನುವುದು ಬೇರೆ ಮಾತು. ಕಿವಿಯಚ್ಚು ತೆಗೆಯುವುದರಲ್ಲಿ ಅವಳ ಕೈ ಪಳಗಿದ್ದು. ಗಿರಾಕಿಯ ಕಿವಿಯೊಳಗೆ ದಾರ ಕಟ್ಟಿದ ಹತ್ತಿಯ ತುಣುಕು ಇಟ್ಟು, ಎರಡು ಬಣ್ಣದ ಪೇಸ್ಟನ್ನು ಬೆರಳಲ್ಲಿ ಕಲಸಿ, ಪಿಚಕಾರಿಯಿಂದ ತುಂಬಿ, ಗಟ್ಟಿಯಾದ ಮೇಲೆ ಮೆಲ್ಲಗೆ ಹೊರಗೆ ಎಳೆಯಬೇಕು. ಅದನ್ನು ನೋಡಿಕೊಂಡು ಮಾಡಿದ ಅಚ್ಚು ಆ ಒಂದು ಕಿವಿಗಲ್ಲದೆ ಲೋಕದಲ್ಲಿ ಬೇರೆ ಯಾರ ಕಿವಿಗೂ ಕೂರುವುದಿಲ್ಲ. ಇಷ್ಟನ್ನೂ ಅವಳು ವಟವಟ ಮಾತಾಡುತ್ತಲೇ ಮಾಡಿ ಮುಗಿಸುತ್ತಿದ್ದಳು. ತಣ್ಣನೆಯ ಪೇಸ್ಟು ಕಿವಿಗೆ ಹೋದದ್ದೇ ಜನಕ್ಕೆ ಗೊತ್ತಾಗುತ್ತಿರಲಿಲ್ಲ.

ಆ ವಟವಟ ಒಂದು ವರ್ಷದಿಂದ ಕಡಿಮೆಯಾಗುತ್ತಾ ಬಂತು. ಗೆಳತಿಯರ ಫೋನು ಎತ್ತುವುದನ್ನು ಬಿಟ್ಟಳು. ಗಿರಾಕಿಗಳೊಡನೆ ಹೂಂ, ಉಹೂಂ ಅಷ್ಟೇ. ಒಮ್ಮೊಮ್ಮೆ ಕಲಸಿದ ಪೇಸ್ಟು ಕೈಯಲ್ಲೇ ಗಟ್ಟಿಯಾಗುವವರೆಗೆ ಗೋಡೆ ನೋಡುತ್ತಾ ನಿಂತಿರುತ್ತಿದ್ದಳು. ಮೇಷ್ಟ್ರು ಇದನ್ನೆಲ್ಲ ಕಣ್ಣಾರೆ ನೋಡಿದರು, ನೋಡಿ ಹೆಮ್ಮೆಪಟ್ಟರು. "ನಮ್ಮ ಬಟಾಣಿಗೆ ಈಗ ಗಾಂಭೀರ್ಯ ಬಂದಿದೆ" ಎಂದು ಬಂದವರಿಗೆಲ್ಲ ಹೇಳಿಕೊಂಡರು. ಮನೆಯವರು ಕಾಯಿಲೆಯ ಮೊದಲ ಹೆಜ್ಜೆಯನ್ನು ಒಳ್ಳೆಯ ಗುಣ ಅಂದುಕೊಂಡು ಬೆನ್ನು ತಟ್ಟುವುದೂ ಉಂಟು. ಅವರನ್ನು ಬೈದು ಏನು ಪ್ರಯೋಜನ?

ಒಂದು ಬೆಳಗ್ಗೆ ಅವಳು ಮೇಷ್ಟ್ರು ಕೂತಿದ್ದ ಪರೀಕ್ಷೆಯ ಕೋಣೆಗೆ ಬಂದು ಬಾಗಿಲು ಹಾಕಿಕೊಂಡಳು.

"ಅಣ್ಣ, ಮೇಲ್ಗಡೆ ಇರೋರಿಗೆ ಸ್ವಲ್ಪ ಹೇಳು. ಇಡೀ ದಿನ ನನ್ನ ಬಗ್ಗೇನೇ ಮಾತಾಡ್ತಾರೆ."

"ಮೇಲ್ಗಡೆ ಯಾರಿದಾರೆ? ಬೀಗ ಹಾಕಿದ ಗೋಡೌನು ಅದು."

"ಒಬ್ಬ ಗಂಡಸು, ಒಬ್ಬಳು ಹೆಂಗಸು. ನಾನು ಏನು ಮಾಡಿದ್ರೂ ಹೇಳ್ತಾರೆ. ಈಗ ಕಲಸ್ತಿದಾಳೆ ನೋಡು, ಈಗ ಕೈ ತೊಳೀತಿದಾಳೆ ನೋಡು, ಅಷ್ಟೂ ಬರಲ್ಲ ಇವಳಿಗೆ, ಅಂತ."

ಮೇಷ್ಟ್ರು ಶಬ್ದ ಅಳೆಯುವ ಯಂತ್ರ ಹಿಡಿದು ಮೇಲೆ ಹೋದರು. ಗೋಡೌನಿನ ಮಾಲೀಕನಿಂದ ಬೀಗದ ಕೈ ತರಿಸಿ ಒಳಗೆಲ್ಲ ಸುತ್ತಿದರು. ಹಳೆಯ ಫ್ಯಾನುಗಳು ಮತ್ತು ಧೂಳು ಬಿಟ್ಟರೆ ಏನಿಲ್ಲ. ಕೆಳಗಿಳಿದು ಬಂದು ತಂಗಿಯನ್ನು ಪರೀಕ್ಷೆಯ ಪೆಟ್ಟಿಗೆಕೋಣೆಯಲ್ಲಿ ಕೂರಿಸಿದರು. ಹೊರಗಿನ ಒಂದು ಸದ್ದೂ ನುಗ್ಗದಂತೆ ದಪ್ಪ ಗೋಡೆ, ದಪ್ಪ ಬಾಗಿಲು, ನಡುವೆ ಒಂದು ಗಾಜಿನ ಕಿಟಕಿ. ಒಳಗೆ ಕೂತವರು ಹೆಡ್‌ಫೋನ್ ಹಾಕಿಕೊಂಡು, ಸಣ್ಣ ಪೀಂ ಸದ್ದು ಕೇಳಿಸಿದಾಗಲೆಲ್ಲ ಕೈಯಲ್ಲಿರುವ ಬಟನ್ ಒತ್ತಬೇಕು. ಒತ್ತಿದರೆ ಹೊರಗೆ ಮೇಷ್ಟ್ರ ಮೇಜಿನ ಮೇಲೆ ದೀಪ ಹತ್ತುತ್ತದೆ.

ಬಟಾಣಿಯ ಕಿವಿ ಚಿನ್ನದಂಥ ಕಿವಿ. ಅತಿ ಸಣ್ಣ ಸದ್ದಿಗೂ ದೀಪ ಹತ್ತಿತು. ಆಮೇಲೆ ಮೇಷ್ಟ್ರು ಸದ್ದು ಕೊಡುವುದನ್ನು ನಿಲ್ಲಿಸಿದರು. ದೀಪ ಆಗಲೂ ಹತ್ತಿತು. ಮತ್ತೆ ಹತ್ತಿತು. ಅವರು ಎರಡೂ ಕೈಗಳನ್ನು ಯಂತ್ರದಿಂದ ದೂರ ತೊಡೆಯ ಮೇಲಿಟ್ಟುಕೊಂಡು ಕೂತರು. ಗಾಜಿನಾಚೆ ತಂಗಿ ಕಣ್ಣು ಮುಚ್ಚಿ ಮತ್ತೆ ಮತ್ತೆ ಬಟನ್ ಒತ್ತುತ್ತಿದ್ದಳು. ಊಹೆಯ ಮೇಲೆ ಒತ್ತುವವರನ್ನು ಅವರು ಬೇಕಾದಷ್ಟು ನೋಡಿದ್ದರು, ಆದರೆ ಅಂಥವರು ಒತ್ತಿದ ಮೇಲೆ ಕಳ್ಳನೋಟ ಬೀರುತ್ತಾರೆ. ಇವಳ ಮುಖದಲ್ಲಿ ಊಹೆಯ ಸುಳಿವೇ ಇರಲಿಲ್ಲ.

ಹೊರಗೆ ಬಂದವಳ ತುಟಿ ಒಣಗಿತ್ತು. "ಒಳಗೆ ಅವರ ಮಾತು ಇನ್ನೂ ಚೆನ್ನಾಗಿ ಕೇಳಿಸುತ್ತೆ ಅಣ್ಣ. ಹೊರಗಡೆ ಗದ್ದಲದಲ್ಲಿ ಸ್ವಲ್ಪ ಮುಚ್ಚಿಹೋಗ್ತಿತ್ತು" ಎಂದಳು.

ಆ ಮಾತು ಕೇಳಿದ ಮೇಲೆ ತಲೆ ಇದ್ದವರು ಡಾಕ್ಟರ ಹತ್ತಿರ ಓಡುತ್ತಿದ್ದರು. ಮೇಷ್ಟ್ರಿಗೆ ತಲೆ ಇತ್ತು, ಆದರೆ ಅದರ ತುಂಬ ಕಿವಿಯೇ ಇತ್ತು. ಕೆಲವರಿಗೆ ಕಿವಿಯಲ್ಲಿ ಸದಾ ಗುಂಯ್ ಅನ್ನುತ್ತಿರುತ್ತದೆ. ಅಂಥವರಿಗೆ ಕೊಡಲು ಒಂದು ಪುಟ್ಟ ಮಿಷನ್ ಇದೆ, ನಲ್ಲಿ ಬಿಟ್ಟಂತೆ ಸಣ್ಣಗೆ ಸೊಯ್ ಅನ್ನುತ್ತಾ ಒಳಗಿನ ಗುಂಯ್ ಅನ್ನು ಮುಚ್ಚಿಹಾಕುತ್ತದೆ. ಗದ್ದಲದಲ್ಲಿ ಮುಚ್ಚಿಹೋಗುತ್ತದೆ ಎಂದು ಅವಳೇ ಹೇಳಿದಳಲ್ಲ! ಅಂದಮೇಲೆ ಸದ್ದಿಗೆ ಸದ್ದೇ ಮದ್ದು ಎಂದು ಅವರು ತೀರ್ಮಾನಿಸಿಬಿಟ್ಟರು.

ಅವರ ಹೆಂಡತಿ ಶಾಲೆಯ ಮಕ್ಕಳಿಗೆ ಈಜು ಕಲಿಸುವವಳು. ಸಂಜೆ ಒದ್ದೆ ತಲೆಯಲ್ಲೇ ಮನೆಗೆ ಬಂದವಳು ವಿಷಯ ಕೇಳಿ, "ರೀ, ಇದು ಕಿವಿ ಕೆಲಸ ಅಲ್ಲ. ಮನಸ್ಸಿನ ಡಾಕ್ಟರಿಗೆ ತೋರಿಸೋಣ" ಎಂದಳು.

"ನನ್ನ ತಂಗಿಗೆ ಹುಚ್ಚು ಅಂತೀಯಾ?" ಮೇಷ್ಟ್ರು ದನಿ ಎತ್ತಿದರು.

"ಆ ಪದ ಬಂದಿದ್ದು ನಿಮ್ಮ ಬಾಯಿಂದ. ನಾನು ಡಾಕ್ಟರು ಅಂದೆ."

ಮೇಷ್ಟ್ರು ಕೇಳಲಿಲ್ಲ. ಬಟಾಣಿಗೆ ತನ್ನ ಕಿವಿಯ ಅಚ್ಚು ತಾನೇ ತೆಗೆಯಲು ಬರುವುದಿಲ್ಲವಾದ್ದರಿಂದ ಆ ಕೆಲಸವನ್ನೂ ಅವರೇ ಮಾಡಿದರು. ಬಟಾಣಿ ಒಂದು ಪಕ್ಕಕ್ಕೆ ತಲೆ ವಾಲಿಸಿ, ಅಣ್ಣನ ಮೇಲೆ ಪೂರಾ ಭಾರ ಹಾಕಿ ಕೂತಿದ್ದಳು. ಮಿಷನ್ ಕೂರಿಸಿ, ಕಂಪ್ಯೂಟರಿನಲ್ಲಿ ಅದರ ಸದ್ದನ್ನು ಅಷ್ಟಷ್ಟೇ ಏರಿಸಿ ಇಳಿಸಿ ಹದ ಮಾಡಿದರು. ಮೊದಲ ಕೆಲವು ದಿನ ಅವಳಿಗೆ ಹಾಯೆನಿಸಿತು. ಮೇಷ್ಟ್ರಂತೂ ನೆಲದ ಮೇಲೆ ನಡೆಯುತ್ತಿರಲಿಲ್ಲ. ಹೆಂಡತಿಯ ಮುಂದೆ ಎರಡು ಸಲ ಸುಮ್ಮಸುಮ್ಮನೆ ಕೆಮ್ಮಿದರು.

ಆಮೇಲೆ ಒಂದು ಭಾನುವಾರ ತಿಂಡಿಯ ಹೊತ್ತಿಗೆ ಬಟಾಣಿ ಒಂದು ಕಾಗದದ ಪೊಟ್ಟಣ ತಂದು ಅಣ್ಣನ ತಟ್ಟೆಯ ಪಕ್ಕ ಬಿಚ್ಚಿದಳು. ಅಚ್ಚನ್ನು ಉಜ್ಜಿ ನುಣುಪು ಮಾಡುವ ಯಂತ್ರಕ್ಕೆ ಕೊಟ್ಟು ಪುಡಿ ಮಾಡಿದ ಮಿಷನ್ ಅದರಲ್ಲಿತ್ತು.

"ಇದರೊಳಗೆ ಏನು ತುಂಬಿದ್ದೆ ಅಣ್ಣ?"

"ಏನೂ ಇಲ್ಲ ಬಟಾಣಿ. ಬರೀ ಸದ್ದು."

"ಸದ್ದಿನೊಳಗಿಂದಾನೇ ಮಾತಾಡ್ತಾರೆ. ಮೊದಲು ಮೇಲ್ಗಡೆ ಇದ್ರು, ಈಗ ಕಿವಿಯೊಳಗೇ ಇದಾರೆ. ಒಳಗೆ ಇಟ್ಟೋನು ನೀನು. ಕಂಪ್ಯೂಟರ್ ಮುಂದೆ ಕೂತು ಏರಿಸಿ ಇಳಿಸಿ ಮಾಡಿದೋನೂ ನೀನೇ."

ಮೇಷ್ಟ್ರ ಅಭ್ಯಾಸಬಲ ಎಲ್ಲಿ ಹೋಗುತ್ತದೆ? ಅಂಥದ್ದೇ ಇನ್ನೊಂದು ಮಿಷನ್ ತಂದು ಬಿಚ್ಚಿ, ಬ್ಯಾಟರಿ ಇದು, ಚಿಪ್ ಇದು, ಸ್ಪೀಕರ್ ಇದು ಎಂದು ಪಾಠ ಶುರುಮಾಡಿದರು. ಹೊರಗಿನಿಂದ ಇದಕ್ಕೆ ಯಾರ ಮಾತೂ ಬರಲು ಸಾಧ್ಯವೇ ಇಲ್ಲ ಎಂದರು.

"ವೈರ್ ಇಲ್ಲದೇನೇ ಕಂಪ್ಯೂಟರ್ ಜೊತೆ ಮಾತಾಡುತ್ತೆ ಅಂತ ಗಿರಾಕಿಗಳಿಗೆಲ್ಲ ನೀನೇ ಹೇಳ್ತೀಯಲ್ಲ" ಎಂದಳು ಬಟಾಣಿ.

ಅವಳು ಹೇಳಿದ್ದು ಅಕ್ಷರಶಃ ಸರಿ. ಈ ದನಿಗಳು ಎಲ್ಲಿಂದ ಬರುತ್ತವೆ ಎಂದು ತಿಂಗಳುಗಟ್ಟಲೆ ಕಾರಣ ಹುಡುಕುತ್ತಿದ್ದವಳಿಗೆ ಅಣ್ಣನೇ ತನ್ನ ಕೈಯಾರೆ, ಅಳತೆ ತೆಗೆದು, ಕಿವಿಗೆ ಸರಿಯಾಗಿ ಕೂರುವಂಥ ಕಾರಣ ಮಾಡಿಕೊಟ್ಟಿದ್ದ.

ಅಂದಿನಿಂದ ಅವಳು ಅಣ್ಣನೊಂದಿಗೆ ಮಾತು ಬಿಟ್ಟಳು. ಅವರು ಒಂದು ಬಾಗಿಲಿನಿಂದ ಬಂದರೆ ಇವಳು ಇನ್ನೊಂದರಿಂದ ಹೋಗುತ್ತಿದ್ದಳು. ಕಿವಿಗೆ ಹತ್ತಿ ತುರುಕಿಕೊಂಡಳು. ಅವರು ತಂದ ಹಣ್ಣನ್ನು ಮುಟ್ಟಲಿಲ್ಲ. ತಾನೇ ಮುಚ್ಚಳ ತೆಗೆದ ಡಬ್ಬಿಯದು ಮಾತ್ರ ತಿಂದಳು. ಸ್ನಾನ ಬಿಟ್ಟಳು, ನಿದ್ದೆ ಬಿಟ್ಟಿತು. ಊರಿಗೆಲ್ಲ ಮಾತು ಕೇಳಿಸುವ ಮನುಷ್ಯನ ಮಾತು ಸ್ವಂತ ತಂಗಿಗೆ ತಲುಪದ ಹಾಗಾಯಿತು. ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮೇಷ್ಟ್ರು ಪೆಟ್ಟಿಗೆಕೋಣೆಗೆ ಹೋಗಿ, ಬಾಗಿಲು ಎಳೆದುಕೊಂಡು, ಬಾಯಿಬಿಟ್ಟು ಅತ್ತರು. ಹೊರಗೆ ಒಂದಿಷ್ಟೂ ಕೇಳಿಸಲಿಲ್ಲ, ಅಷ್ಟು ಚೆನ್ನಾಗಿ ಕಟ್ಟಿಸಿದ್ದರು.

ಸುದ್ದಿ ಹೇಗೋ ಚಿಕ್ಕಮ್ಮನಿಗೆ ಮುಟ್ಟಿತು. ಫೋನು ಬಂತು. "ಒಂದು ಮದುವೆ ಮಾಡಿಬಿಡಿ, ಎಲ್ಲ ತಾನಾಗೇ ಸರಿಹೋಗುತ್ತೆ."

"ಆಮೇಲೆ ಗಂಡನ ಮೇಲೂ ಅನುಮಾನ ಬಂದ್ರೆ ಅವನನ್ನೂ ನಾವೇ ಸಮಾಧಾನ ಮಾಡಬೇಕಾಗುತ್ತೆ ಚಿಕ್ಕಮ್ಮ" ಎಂದು ಮೇಷ್ಟ್ರ ಹೆಂಡತಿ ಫೋನಿಟ್ಟಳು.

ಬಟಾಣಿಯ ಜೊತೆ ಮಾತಾಡಲು ಉಳಿದಿದ್ದವಳು ಅವಳೊಬ್ಬಳೇ. ನೀರಿಗೆ ಹೆದರಿದ ಮಕ್ಕಳನ್ನು ಅವಳು ಕೈ ಹಿಡಿದು ಎಳೆದವಳಲ್ಲ. ತಾನೇ ಇಳಿದು ಪಕ್ಕದಲ್ಲಿ ನಿಲ್ಲುತ್ತಿದ್ದಳು. ಇಲ್ಲೂ ಅಷ್ಟೇ ಮಾಡಿದಳು. ಕೋಣೆಯ ಹೊಸ್ತಿಲಲ್ಲಿ ಕೂತು, "ಬಟಾಣಿ, ಯಾರು ಮಾತಾಡ್ತಾರೋ ನಂಗೊತ್ತಿಲ್ಲ. ನಿಂಗೆ ನಿದ್ದೆ ಇಲ್ಲ, ಭಯ ಆಗ್ತಿದೆ, ಅದು ಕಾಣುತ್ತೆ. ನಿದ್ದೆಗಾದ್ರೂ ಡಾಕ್ಟರ ಹತ್ರ ಒಂದು ದಾರಿ ಕೇಳೋಣ, ಬರ್ತೀಯಾ?" ಎಂದಳು.

ಬಟಾಣಿ ಹಜಾರದ ಕಡೆ ನೋಡಿದಳು. "ಅಣ್ಣ ಒಳಗೆ ಬರಬಾರದು ಅತ್ತಿಗೆ."

"ಬರಲ್ಲ. ನೀವೂ ಕೇಳಿಸಿಕೊಂಡ್ರಲ್ಲ ರೀ?"

ಹಜಾರದಲ್ಲಿ ನಿಂತಿದ್ದ ಮೇಷ್ಟ್ರು ತಲೆಯಾಡಿಸಿದರು.

ಆಸ್ಪತ್ರೆಯಲ್ಲಿ ಅವರು ಹೊರಗಿನ ಬೆಂಚಿನ ಮೇಲೆ ಕೂತರು. ಮುಚ್ಚಿದ ಬಾಗಿಲ ಹಿಂದಿನಿಂದ ತಂಗಿಯ ದನಿ ಸಣ್ಣಗೆ ಬರುತ್ತಿತ್ತು, ಮಾತು ಮಾತ್ರ ತಿಳಿಯುತ್ತಿರಲಿಲ್ಲ. ಎಷ್ಟೋ ದಿನಗಳ ಮೇಲೆ ಅವಳು ಅಷ್ಟೊಂದು ಮಾತಾಡುತ್ತಿದ್ದಳು. ನರಗಳಲ್ಲಿ, ರಕ್ತದಲ್ಲಿ ಬೇರೇನಾದರೂ ತೊಂದರೆ ಇದೆಯೇ ಎಂದು ನೋಡಲು ಪರೀಕ್ಷೆಗಳಾದವು. ಇನ್ನೊಂದು ದಿನ, ಬಟಾಣಿಯ ಒಪ್ಪಿಗೆ ಪಡೆದು, ಡಾಕ್ಟರು ಮೇಷ್ಟ್ರನ್ನೂ ಅವರ ಹೆಂಡತಿಯನ್ನೂ ಒಳಗೆ ಕರೆದರು. ನರೆತ ಕೂದಲಿನ, ಮಾತು ಅಳೆದು ಆಡುವ ಹೆಂಗಸು.

"ಇದಕ್ಕೆ ಸ್ಕಿಜೋಫ್ರೇನಿಯಾ ಅಂತಾರೆ" ಎಂದರು ಡಾಕ್ಟರು. "ಇಲ್ಲದ ಮಾತು ಕೇಳಿಸೋದು, ಯಾರೋ ಹೊಂಚು ಹಾಕ್ತಿದಾರೆ ಅನ್ನೋ ಗಟ್ಟಿ ನಂಬಿಕೆ, ಯೋಚನೆ ಚೆಲ್ಲಾಪಿಲ್ಲಿಯಾಗೋದು, ಇವು ಎದ್ದು ಕಾಣೋ ಲಕ್ಷಣ. ಮಾತು ಬಿಡೋದು, ಉತ್ಸಾಹ ಹೋಗೋದು, ಸ್ನಾನಾನೂ ಬೇಡ ಅನ್ನಿಸೋದು, ಅದೂ ಕಾಯಿಲೇನೇ. ಅದನ್ನ ಜನ ಸೋಮಾರಿತನ ಅಂತಾರೆ."

"ನಾನು ಗಾಂಭೀರ್ಯ ಅಂದುಕೊಂಡಿದ್ದೆ" ಎಂದರು ಮೇಷ್ಟ್ರು.

ಡಾಕ್ಟರು ನಗಲಿಲ್ಲ. ಮೇಷ್ಟ್ರು ಎಷ್ಟೋ ದಿನದಿಂದ ಒಳಗೇ ಕುದಿಯುತ್ತಿದ್ದದ್ದನ್ನು ಕೇಳಿದರು. "ಮೇಡಂ, ನಾನು ಮಿಷನ್ ಹಾಕಿದ್ದರಿಂದ ಬಂತಾ?"

"ಇಲ್ಲ. ಅದಕ್ಕೆ ಮೊದಲೇ ಇತ್ತಲ್ಲ. ಮಿಷನ್ ಇಲ್ಲದಿದ್ರೆ ಫೋನು, ಟೀವಿ, ಪಕ್ಕದ ಮನೆ ಗೋಡೆ, ಏನೋ ಒಂದು ಸಿಗ್ತಿತ್ತು. ನೀವು ತಡ ಮಾಡಿದ್ರಿ, ಅದು ನಿಜ. ಕಾಯಿಲೆ ತಂದಿದ್ದು ನೀವಲ್ಲ. ಇಂಥದ್ದೇ ಒಂದು ಕಾರಣ ಅಂತ ಯಾರೂ ಹೇಳೋಕಾಗಲ್ಲ. ಹುಟ್ಟಿನಿಂದ ಬಂದದ್ದು ಸ್ವಲ್ಪ ಇರುತ್ತೆ, ಮಿದುಳಲ್ಲಿ ಸುದ್ದಿ ಸಾಗಿಸೋ ರಾಸಾಯನಿಕಗಳ ಏರುಪೇರು ಇರುತ್ತೆ, ಜೀವನದ ಒತ್ತಡ ಸೇರಿಕೊಳ್ಳುತ್ತೆ. ಬೆಳೆಸಿದ್ದು ಸರಿ ಇಲ್ಲ ಅಂತ ಬರೋ ಕಾಯಿಲೆ ಅಲ್ಲ ಇದು."

ಮೇಷ್ಟ್ರಿಗೆ ಕಣ್ಣು ತುಂಬಿತು. ಹೆಂಡತಿ ಮೇಜಿನ ಕೆಳಗೆ ಅವರ ಕೈ ಹಿಡಿದಳು.

"ನೀವು ಅವರ ಜೊತೆ ವಾದ ಮಾಡ್ತೀರಾ?" ಡಾಕ್ಟರು ಕೇಳಿದರು.

"ವಾದ ಅಲ್ಲ ಮೇಡಂ. ಸದ್ದು ಇಲ್ಲ ಅಂತ ಅಳೆದು ತೋರಿಸ್ತೀನಿ."

"ತೋರಿಸಿದ ಮೇಲೆ ನಂಬಿದ್ರಾ?"

"ಇಲ್ಲ."

"ಹೇಗೆ ನಂಬ್ತಾರೆ? ಅವರಿಗೆ ನಿಜವಾಗಿ ಕೇಳಿಸುತ್ತೆ. ಮಾತು ಕೇಳುವಾಗ ಮಿದುಳಲ್ಲಿ ಕೆಲಸ ಮಾಡೋ ಜಾಗಗಳೇ ಆಗಲೂ ಕೆಲಸ ಮಾಡ್ತಿರ್ತವೆ. ಗಾಳಿ ಅಲುಗಾಡಬೇಕಾಗಿಲ್ಲ. ಹಾಗಂತ ಹೌದೌದು ಅಂತ ತಾಳ ಹಾಕೋದೂ ಬೇಡ. ನಂಗೆ ಕೇಳಿಸ್ಲಿಲ್ಲ ಅನ್ನಿ. ನಿಂಗೆ ಏನು ಕೇಳಿಸ್ತು, ಭಯ ಆಯ್ತಾ ಅಂತ ಕೇಳಿ. ಅಷ್ಟು ಸಾಕು. ಮಾತ್ರೆ ಶುರುಮಾಡ್ತೀವಿ, ಜೊತೆಗೆ ಮಾತಿನ ಚಿಕಿತ್ಸೆಯೂ ಇರುತ್ತೆ. ತುಂಬ ಜನ ಸುಧಾರಿಸ್ತಾರೆ. ಮಧ್ಯದಲ್ಲಿ ಬಿಟ್ರೆ ಮರುಕಳಿಸುತ್ತೆ."

ವರ್ಷಗಟ್ಟಲೆ ಗಿರಾಕಿಗಳಿಗೆ ಗಾಳಿಯ ಪಾಠ ಹೇಳಿದ ಮನುಷ್ಯ ಆ ದಿನ ಒಂದೂ ಮಾತಾಡದೆ ಮನೆಗೆ ಬಂದರು. ಕಿವಿ ಬರೀ ಬಾಗಿಲು, ಕೇಳುವುದು ಮಿದುಳು ಎಂದು ಅವರೂ ಓದಿದ್ದರು. ಪರೀಕ್ಷೆಗಾಗಿ ಓದಿದ್ದರು, ಅಷ್ಟೇ.

ಮಾತ್ರೆ ಕೊಡುವುದು ಅತ್ತಿಗೆಯ ಕೆಲಸವಾಯಿತು, ಬಟಾಣಿಯ ಕಣ್ಣೆದುರೇ ಪಟ್ಟಿಯಿಂದ ಬಿಡಿಸಿ. ಊಟದಲ್ಲಿ ಬೆರೆಸಿ ಕೊಟ್ಟುಬಿಡೋಣ ಎಂದು ಮೇಷ್ಟ್ರು ಒಮ್ಮೆ ಪಿಸುಗುಟ್ಟಿದಾಗ ಹೆಂಡತಿ ನೋಡಿದ ನೋಟಕ್ಕೆ ಅವರು ಆ ಮಾತನ್ನು ಮತ್ತೆ ಎತ್ತಲಿಲ್ಲ. ಗುಣವೇನೂ ರಾತ್ರೋರಾತ್ರಿ ಆಗಲಿಲ್ಲ. ಮೊದಲು ನಿದ್ದೆ ಬಂತು, ಆಮೇಲೆ ವಿಪರೀತ ಹಸಿವು ಬಂತು. ದನಿಗಳು ಮೆಲ್ಲಗಾದವು, ಕೆಲವು ದಿನ ಬರಲೇ ಇಲ್ಲ. ಆದರೂ ಬಟಾಣಿ ಸಂಜೆಯವರೆಗೆ ಒಂದೇ ಕುರ್ಚಿಯಲ್ಲಿ ಕೂತಿರುತ್ತಿದ್ದಳು. "ಎದ್ದು ಏನಾದ್ರೂ ಮಾಡಬಾರದಾ" ಎಂಬ ಮಾತು ಮೇಷ್ಟ್ರ ನಾಲಿಗೆಯ ತುದಿಗೆ ಬರುತ್ತಿತ್ತು, ನುಂಗಿಕೊಳ್ಳುತ್ತಿದ್ದರು. ನುಂಗುವುದು ಅವರಿಗೆ ಹೊಸ ವಿದ್ಯೆ, ಕಲಿಯಲು ಕಷ್ಟಪಟ್ಟರು.

ಮಿಷನ್ ಕಿವಿಯಲ್ಲಿಲ್ಲ, ದನಿಯೂ ಹೆಚ್ಚಾಗಿ ಇಲ್ಲ. ಅಣ್ಣನ ಮೇಲಿನ ಅನುಮಾನ ಮಾತ್ರ ಕೊನೆಗೆ ಹೊರಡುವ ನೆಂಟರ ಹಾಗೆ ಹೊಸ್ತಿಲಲ್ಲೇ ನಿಂತಿತ್ತು. ಹಾದುಹೋಗುವಾಗ ಕಿವಿಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದಳು. ಒಂದು ದಿನ ಮೇಷ್ಟ್ರು ದೂರದಲ್ಲೇ ನಿಂತು ಹೇಳಿದರು: "ಬಟಾಣಿ, ಡಾಕ್ಟರಿಗೆ ತೋರಿಸೋದು ಬಿಟ್ಟು ನಿನ್ನ ಕಿವಿಗೆ ಮಿಷನ್ ಹಾಕಿದೆ. ಅದು ತಪ್ಪು. ಇನ್ನು ನೀನು ಹೇಳದೆ ನಿನ್ನ ಕಿವಿ ಮುಟ್ಟಲ್ಲ." ಪುರಾವೆ ಕೊಡಲಿಲ್ಲ, ಏನನ್ನೂ ಬಿಚ್ಚಿ ತೋರಿಸಲಿಲ್ಲ. ಬಟಾಣಿ ಒಳಗೆ ಹೋದಳು.

ಕೆಲವು ತಿಂಗಳ ಮೇಲೆ ಅತ್ತಿಗೆಯ ಜೊತೆ ಅಂಗಡಿಗೆ ಬಂದು ಹಿಂದಿನ ಕೋಣೆಯಲ್ಲಿ ಕೂರಲು ಶುರುಮಾಡಿದಳು. ಅಣ್ಣನೊಂದಿಗೆ ಮಾತು ಕೆಲಸಕ್ಕೆಷ್ಟು ಬೇಕೋ ಅಷ್ಟು. ಕೈ ನಡುಗುತ್ತಿತ್ತು, ಅಚ್ಚು ಉಜ್ಜುವಾಗ ಓರೆಯಾಗುತ್ತಿತ್ತು. "ಈ ಮಾತ್ರೆ ಬೇಡ, ಕೈ ನನ್ನದಲ್ಲ ಅನ್ನಿಸುತ್ತೆ" ಎಂದು ಅವಳೇ ಡಾಕ್ಟರಿಗೆ ಹೇಳಿದಳು. ಡಾಕ್ಟರು ನಿಲ್ಲಿಸಲಿಲ್ಲ, ಪ್ರಮಾಣ ತಗ್ಗಿಸಿದರು. ದನಿ ಮತ್ತೆ ತಲೆ ಎತ್ತಿದರೆ ಬಚ್ಚಿಡದೆ ಯಾರಿಗಾದರೂ ಹೇಳಬೇಕು, ಕೂಡಲೇ ಬರಬೇಕು ಎಂದರು. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಆ ಯಾರಿಗಾದರೂ ಎಂದರೆ ಅತ್ತಿಗೆಗೆ. ಮೇಷ್ಟ್ರೂ ಹಾಗೆಂದೇ ತಿಳಿದು, ತಮಗೆ ಅಷ್ಟೇ ಪಾಲು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದರು.

ಒಂದು ಮಧ್ಯಾಹ್ನ ಅವರು ನಿವೃತ್ತ ಬಸ್ ಡ್ರೈವರೊಬ್ಬರಿಗೆ ಹೊಸ ಮಿಷನ್ ಹದ ಮಾಡುತ್ತಿದ್ದರು. ಡ್ರೈವರು ಎದುರಿನ ಗಾಡಿಗಳಿಗೆ ಕೂಗಿ ಕೂಗಿ ಅಭ್ಯಾಸವಾದವರು, ಅಂಗಡಿ ಅದುರುವಂತೆ ಮಾತಾಡುತ್ತಿದ್ದರು. ಹಿಂದಿನ ಕೋಣೆಯ ಉಜ್ಜುವ ಯಂತ್ರ ನಿಂತಿತು. ಬಟಾಣಿ ಬಾಗಿಲಿಗೆ ಬಂದು ನಿಂತಳು. ಅತ್ತಿಗೆ ಆ ಹೊತ್ತಿಗೆ ಶಾಲೆಯ ಈಜುಕೊಳದಲ್ಲಿರುತ್ತಾಳೆ, ಫೋನ್ ಮಾಡಿದರೆ ಎತ್ತುತ್ತಾಳೆ. ಫೋನು ಬಟಾಣಿಯ ಕೈಯಲ್ಲೇ ಇತ್ತು.

"ಅಣ್ಣ" ಎಂದಳು. "ಈಗ ಇಲ್ಲಿ ಇವರನ್ನ ಬಿಟ್ಟು ಬೇರೆ ಯಾರಾದ್ರೂ ಮಾತಾಡಿದ್ರಾ?"

ಮೇಷ್ಟ್ರು ಕೈಯಲ್ಲಿದ್ದದ್ದನ್ನು ಕೆಳಗಿಟ್ಟರು.

"ನಂಗೆ ಕೇಳಿಸ್ಲಿಲ್ಲ ಬಟಾಣಿ. ನಿಂಗೆ ಕೇಳಿಸ್ತಾ?"

"ಹೂಂ. ಬೆಳಗ್ಗೆಯಿಂದ."

"ಭಯ ಆಗ್ತಿದೆಯಾ?"

"ಸ್ವಲ್ಪ."

"ಏನಂತಾರೆ?"

ಬಟಾಣಿ ಡ್ರೈವರನ್ನು ನೋಡಿದಳು, ನೆಲ ನೋಡಿದಳು, ಆಮೇಲೆ ಅಣ್ಣನ ಮುಖವನ್ನೇ ನೋಡಿದಳು.

"ಯಾರಿಗೆ ಬೇಕಾದ್ರೂ ಹೇಳು, ಅಣ್ಣನಿಗೆ ಮಾತ್ರ ಹೇಳಬೇಡ ಅಂತಾರೆ. ಅವನನ್ನ ನಂಬಬೇಡ, ಅವನ ಹತ್ರ ಹೋಗಲೇಬೇಡ ಅಂತ."

"ಮತ್ತೆ?"

"ಮತ್ತೇನು, ಬಂದೆ."

ಮೇಷ್ಟ್ರು ಕೂತಲ್ಲಿಂದಲೇ ಪಕ್ಕದ ಕುರ್ಚಿಯನ್ನು ತಂಗಿಯ ಕಡೆ ಸರಿಸಿದರು. ಅವಳು ಬಂದು ಕೂತು, ಡಾಕ್ಟರ ನಂಬರು ಒತ್ತಿ, ಫೋನನ್ನು ಅಣ್ಣನ ಕೈಗೆ ಕೊಟ್ಟಳು.